ಅಮ್ಮನ ಡಬ್ಬಿಯ ಚಾರ್‌ಮಿನಾರ್ ರೂಪಾಯಿಗಳು

1/7

ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡ್ರಿ. ಚಾರ್‌ಮಿನಾರ್ ಕಾಣ್ತೈತಲ್ಲ, ಅದರ ನಡುವಿನ ಬಾಗಿಲದೊಳಗ ಒಂದು ಸಣ್ಣ ಅಕ್ಷರ ಐತಿ. ಎಡಗಡೆ ನಾಣ್ಯದಲ್ಲಿ ಇರೋದು ‘ಮೀಮ್’, ಬಲಗಡೆಯದರಲ್ಲಿ ‘ಐನ್’. ಮೀಮ್ ಇದ್ರೆ ಅದು ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಕಾಲದ್ದು. ಐನ್ ಇದ್ರೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಾಲದ್ದು, ಅಂದ್ರೆ 1911ರಿಂದ ಈಚೆಗೆ. ಒಂದು ಅಕ್ಷರದ ಮೇಲೆ ಗಿರಾಕಿ ಬದಲಾಗ್ತಾನೆ, ರೇಟೂ ಬದಲಾಗ್ತೈತಿ.

ಇದಕ್ಕೆ ನಮ್ಮ ಕಡೆ ಹಾಲಿ ಸಿಕ್ಕಾ ಅಂತಾರೆ. ಹೈದರಾಬಾದಿನ ಟಂಕಸಾಲೆಯಲ್ಲಿ ಯಂತ್ರದಿಂದ ಅಚ್ಚು ಹಾಕಿದ ಬೆಳ್ಳಿ ರೂಪಾಯಿ. ತೂಕ 11.178 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡಾ 81.8. ರಾಯಚೂರು ಜಿಲ್ಲೆ ಆಗ ಹೈದರಾಬಾದ್ ಸಂಸ್ಥಾನದಾಗ ಇತ್ತು ಅನ್ನೋದು ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಿ ಲಾಡು ತಿಂತೀವಲ್ಲ. ಆದ್ರೆ ನಮ್ಮಜ್ಜಂದಿರ ಕಿಸೆಯಾಗ ಇದ್ದ ರೂಪಾಯಿನೇ ಬೇರೆ ಇತ್ತು ಅಂತ ಪಾಠದಾಗ ಯಾರೂ ಹೇಳಲಿಲ್ಲ.

ಇಂಥವು ಇಪ್ಪತ್ತಾರು ನಮ್ಮನೆಯಾಗ ಇದ್ದವು. ಈಗ ಎಂಟು ಅದಾವ. ಹೆಂಗ ಹೋದವು ಅಂತ ಸ್ಟೋರಿ ಹಾಕಿದಾಗಿಂದ ಕೇಳಾಕತ್ತೀರಿ. ಬರೀತೀನಿ, ಸ್ವಲ್ಪ ಉದ್ದ ಆಗ್ತೈತಿ.

2/7

ನಾಣ್ಯ ಅಮ್ಮಂದು. (ಹೊರಗಿನವರಿಗೆ: ನಮ್ಮ ಕಡೆ ಅಮ್ಮ ಅಂದ್ರ ಅಪ್ಪನ ತಾಯಿ. ತಾಯಿಗೆ ಅವ್ವ.) ಅಮ್ಮನಿಗೆ ಅವಳ ಅತ್ತೆಯಿಂದ ಬಂದವು. ಎಂಟು ಮೂಲೆಯ ಹಳೇ ಬಿಸ್ಕೀಟ್ ಡಬ್ಬಿ, ಅದರೊಳಗ ಅರಿಷಿಣ ಬಡಿದ ಬಟ್ಟೆ, ಬಟ್ಟೆಯೊಳಗ ರೂಪಾಯಿ.

ರಜಾಕಾರರ ಗಲಾಟೆ ಟೈಮಿನಾಗ, ಅಂದ್ರೆ 1948ರಾಗ, ಈ ಗಂಟು ಹಗೇವಿನೊಳಗ ಜ್ವಾಳದ ಕೆಳಗ ಇತ್ತಂತ. ಹಗೇವು ಗೊತ್ತಿಲ್ಲದೋರಿಗೆ: ನೆಲದಾಗ ತೋಡಿದ ಕಾಳಿನ ಗುಂಡಿ, ಮ್ಯಾಲ ಕಲ್ಲು ಮುಚ್ಚಿ ಮಣ್ಣು ಎಳೀತಿದ್ರು. ತೆಗೆದ ಕೂಡಲೇ ಒಳಗ ಇಳಿದ್ರೆ ಉಸಿರು ಕಟ್ಟತೈತಿ. ಹಂಗಾಗಿ ಕಳ್ಳನೂ ಅವಸರದಾಗ ಇಳಿಯಂಗಿಲ್ಲ. ಅಮ್ಮ ಆಗ ಸಣ್ಣಾಕಿ, ಅವಳ ತವರು ಬೇರೆ ಊರು. ಇದನ್ನೆಲ್ಲ ಅತ್ತೆ ಬಾಯಿಂದ ಕೇಳಿ ಹೇಳ್ತಾಳೆ, ಆದ್ರ ಹೇಳೋದು ಮಾತ್ರ ತಾನೇ ಕಲ್ಲು ಎತ್ತಿದಂಗ.

ಇಪ್ಪತ್ತಾರರ ಲೆಕ್ಕ ಹಿಂಗ. ಐನ್ ಇರೋ ರೂಪಾಯಿ ಹತ್ತೊಂಬತ್ತು. ಅದರಾಗ ಐದಕ್ಕ ಕೊಂಡಿ ಬೆಸುಗೆ ಹಾಕೈತಿ, ಯಾಕಂದ್ರ ಅವು ಕೊರಳ ಸರದಾಗ ಇದ್ದವು. ಮೀಮ್ ಇರೋವು ಮೂರು. ಚಾರ್‌ಮಿನಾರಿನ ಎಂಟಾಣೆ ಎರಡು. ಉಳಿದ ಎರಡು ಹಾಲಿ ಅಲ್ಲ, ಕಲ್ದಾರ. ಐದನೇ ಜಾರ್ಜ್ ಮುಖ ಇರೋ ಬ್ರಿಟಿಷ್ ರೂಪಾಯಿ, ಒಂದು 1918, ಇನ್ನೊಂದು 1919.

ನಿಜಾಮರ ಊರಾಗ ಕಲ್ದಾರ ಯಾಕ ಬಂತು ಅಂತ ನನಗೂ ಪ್ರಶ್ನೆ ಇತ್ತು. ಅಮ್ಮ ಒಂದೇ ಮಾತಿನಾಗ ಮುಗಿಸಿದಳು: “ಇಳಕಲ್ಲಿಗೆ ಸೀರಿ ತರಾಕ ಹೋದ್ರ ಹಾಲಿ ನಡೀತಿದ್ದಿಲ್ಲಪ್ಪ.” ಇಳಕಲ್ ಆಗ ಬಿಜಾಪುರ ಜಿಲ್ಲೆ, ಅಂದ್ರೆ ಮುಂಬಯಿ ಪ್ರಾಂತ. ಈಗ ಬಸ್ಸಿನಾಗ ಕುಂತು ರೀಲ್ಸ್ ನೋಡ್ಕೋತ ಹೋಗೋ ದಾರಿಯಾಗ ಆವಾಗ ದುಡ್ಡು ಬದಲಿಸಬೇಕಿತ್ತು. ಏಳು ಹಾಲಿ ಕೊಟ್ರ ಆರು ಕಲ್ದಾರ. ಸರ್ಕಾರಿ ಲೆಕ್ಕ ಇನ್ನೂ ನಾಜೂಕು: ನೂರು ಕಲ್ದಾರಕ್ಕೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಸೀರೆ ತರಾಕ ಹೋದೋರು ಈ ಪೈ ತನಕ ಲೆಕ್ಕ ಹಾಕಿರ್ತಾರ ಅನ್ನೋದರಾಗ ನನಗೇನೂ ಅನುಮಾನ ಇಲ್ಲ, ನಮ್ಮಮ್ಮನ್ನ ನೋಡೀನಿ.

3/7

ಇಸವಿ ಓದೋದು ನಮಗ ಯಾರಿಗೂ ಬರ್ತಿದ್ದಿಲ್ಲ. ನಮ್ಮ ಓಣಿಯಾಗ ಒಬ್ಬ ತಾತ ಇದ್ದಾರ. ಹಣಿ ತುಂಬ ವಿಭೂತಿ, ಬಾಯಾಗ ಉರ್ದು. ನಿಜಾಮರ ಕಾಲದಾಗ ಸಾಲಿಗೆ ಹೋದೋರು, ಆವಾಗ ಸಾಲಿ ಅಂದ್ರನ ಉರ್ದು. ನಾಣ್ಯ ಕೈಯಾಗ ಇಟ್ಟ ಕೂಡಲೇ ಕನ್ನಡಕ ತೆಗೆದು ಕಣ್ಣಿನ ಹತ್ತಿರ ತಂದು, ಅಂಗಡಿ ಬೋರ್ಡ್ ಓದಿದಂಗ ಓದಿಬಿಟ್ರು. “ಜುಲೂಸ್ ಮೈಮನತ್ ಮಾನೂಸ್. ಜರ್ಬ್ ಫರ್ಖುಂದಾ ಬುನಿಯಾದ್ ಹೈದರಾಬಾದ್.” ಜರ್ಬ್ ಅಂದ್ರ ಅಚ್ಚು ಹಾಕಿದ್ದು. ಫರ್ಖುಂದಾ ಬುನಿಯಾದ್ ಅನ್ನೋದು ಹೈದರಾಬಾದಿಗೆ ಇದ್ದ ಬಿರುದು, ಶುಭದ ಬುನಾದಿ ಇರೋ ಊರು ಅಂತ.

ಅಂಕಿ ಕಲಿಯಾಕ ಅರ್ಧ ತಾಸು ಸಾಕು. ಸೊನ್ನೆ ಅಂದ್ರ ಬರೀ ಚುಕ್ಕಿ. ಏಳು ಇಂಗ್ಲಿಷಿನ ವಿ ಹಂಗ, ಎಂಟು ಅದನ್ನೇ ಬೋರಲು ಹಾಕಿದಂಗ. ಬರೋದು ಹಿಜರಿ ಇಸವಿ, ಅದು ಚಂದ್ರನ ಲೆಕ್ಕ, ನಮ್ಮ ಕ್ಯಾಲೆಂಡರಿಗಿಂತ ವರ್ಷಕ್ಕ ಹನ್ನೊಂದು ದಿನ ಕಡಿಮಿ. ಹಂಗಾಗಿ ಇಂತಿಷ್ಟು ಕೂಡಿಸಿದ್ರ ಆತು ಅನ್ನಂಗಿಲ್ಲ, ಪಟ್ಟಿ ನೋಡಬೇಕು. ಇನ್ನೊಂದು, ನಾಣ್ಯದ ಮೇಲೆ 92 ಅಂತ ಕಾಣ್ತೈತಿ. ಅದು ವರ್ಷ ಅಲ್ಲ! ಅಬ್ಜದ್ ಲೆಕ್ಕದಾಗ ಪ್ರತಿ ಅಕ್ಷರಕ್ಕ ಒಂದೊಂದು ಬೆಲೆ ಇರ್ತೈತಿ; ಪೈಗಂಬರರ ಹೆಸರಿನ ಅಕ್ಷರ ಕೂಡಿಸಿದ್ರ 92. ‘1892ರ ಅಪರೂಪದ ನಾಣ್ಯ’ ಅಂತ ಯಾರಾದ್ರೂ ಮಾರಾಕ ಬಂದ್ರ ನಗರಿ.

ನಮ್ಮ ಮೀಮ್ ನಾಣ್ಯಗಳಾಗ ಒಂದು 1326. ಅಂದ್ರೆ 1908. ಆ ವರ್ಷ ಸೆಪ್ಟೆಂಬರ್ ಕೊನೆಗೆ ಮೂಸಿ ಹೊಳಿ ಉಕ್ಕಿ ಹೈದರಾಬಾದಿನಾಗ ಸಾವಿರಾರು ಮಂದಿ ಸತ್ರು. ಐನ್ ನಾಣ್ಯಗಳಾಗ ಮೂರು 1337, ಅಂದ್ರೆ 1918ರ ಅಕ್ಟೋಬರಿನಿಂದ ಈಚೆಗೆ, ಇನ್‌ಫ್ಲುಯೆಂಜಾ ಊರೂರು ಬಳಿದ ವರ್ಷ. ಅದೇ 1918ರಾಗ ಯುದ್ಧದಿಂದ ಬೆಳ್ಳಿಗೆ ಬರ ಬಂದು ನಿಜಾಮ ಸರ್ಕಾರ ಕಾಗದದ ನೋಟು ಹೊರಡಿಸಿತು. ಅಂಥ ಬರದಾಗೂ ಸಂತೆಕಲ್ಲೂರಿನ ಒಂದು ಮನಿ ಬೆಳ್ಳಿ ರೂಪಾಯಿ ಖರ್ಚು ಮಾಡದ ಕೂಡಿಟ್ಟಿತ್ತು.

4/7

ಮಾರೋ ಮಾತು ಯಾಕ ಬಂತು ಅಂದ್ರೆ, ಅಕ್ಕನ ನರ್ಸಿಂಗ್ ಎರಡನೇ ವರ್ಷದ ಫೀ. ಕೊರತೆ ಬಿದ್ದದ್ದು ಮೂವತ್ತು ಸಾವಿರ. ತೊಗರಿ ಹೂ ಕಟ್ಟೋ ಹೊತ್ತಿಗೆ ಮಳಿ ಹಿಡಕೊಂಡು ಹೂ ಎಲ್ಲಾ ಉದುರಿತ್ತು. ಬಡ್ಡಿಗೆ ತರಾಕ ಅಪ್ಪ ತಯಾರಿದ್ದ. ಅಕ್ಕ ಮಾತ್ರ, “ಸಾಲ ಮಾಡೋದಾದ್ರ ನಾ ಒಂದು ವರ್ಷ ಬಿಟ್ಟು ಕೆಲಸಕ್ಕ ಹೋಗ್ತೀನಿ” ಅಂದಳು. ವರ್ಷ ಬಿಟ್ಟೋರು ಎಷ್ಟು ಮಂದಿ ಮತ್ತ ಕಾಲೇಜಿಗೆ ಬಂದಾರ, ನಮ್ಮ ಕ್ಲಾಸಿನಾಗ ನೀವೇ ಎಣಿಸ್ರಿ.

ಆ ರಾತ್ರಿ ಅಮ್ಮ ಡಬ್ಬಿ ತಂದು ನಡುಮನಿಯಾಗ ಇಟ್ಟಳು. ಏನೂ ಅನ್ನಲಿಲ್ಲ. ಇಟ್ಟು ಹೋಗಿ ಮಲಗಿದಳು.

ಮರುದಿನ ಅಪ್ಪ ಪತ್ತಾರರ ಅಂಗಡಿಗೆ ಒಯ್ದ, ನಾನೂ ಹೋದೆ. ತೂಗಿದ್ರು, ಕಲ್ಲಿಗೆ ತಿಕ್ಕಿದ್ರು, ತೇಮಾನು ತೆಗೆದು ಎಲ್ಲಾ ಕೂಡಿ ಹದಿನೆಂಟು ಸಾವಿರ ಅಂದ್ರು. ಮೋಸ ಅಂತ ನಾ ಅನ್ನಂಗಿಲ್ಲ, ಕರಗಿಸೋರ ಲೆಕ್ಕ ಅದು. ಬೆಳ್ಳಿ ಆಗಲೇ ಕೆಜಿಗೆ ಲಕ್ಷ ದಾಟಿತ್ತು. ಗ್ರಾಮಿಗೆ ನೂರು ಅಂತ ಹಿಡಿದ್ರೂ ಒಂದು ಹಾಲಿ ರೂಪಾಯಿಯೊಳಗಿನ ಶುದ್ಧ ಬೆಳ್ಳಿ 9.14 ಗ್ರಾಂ, ಅಂದ್ರೆ 914 ರೂಪಾಯಿ. ಅವರು ಕೊಡ್ತೀನಿ ಅಂದಿದ್ದು ಒಂದಕ್ಕ ಏಳುನೂರಕ್ಕೂ ಕಡಿಮಿ. ಅವರ ಮೂಸೆಗೆ ಮೀಮ್ ಯಾವುದು, ಐನ್ ಯಾವುದು ಅನ್ನೋದು ಬೇಕಾಗಿಲ್ಲ. ಹಿಂಗ ಎಷ್ಟು ಚಾರ್‌ಮಿನಾರ್ ಕರಗ್ಯಾವೋ! 1951ರಿಂದ ಹಾಲಿ ಅಚ್ಚು ನಿಂತಿತು, 1959ಕ್ಕ ಚಲಾವಣೆನೂ ರದ್ದಾತು, ಆಮೇಲೆ ಊರೂರಾಗ ಅವು ಉಡದಾರ, ಕಾಲ್ಗಡಗ ಆದವು. ನಮ್ಮಪ್ಪನ ಸಣ್ಣಂದಿನ ಬೆಳ್ಳಿ ಉಡದಾರನೂ ಇದೇ ಡಬ್ಬಿಯಿಂದ ಹೋದ ರೂಪಾಯಿದ್ದೇ.

“ಅಪ್ಪಾ, ಒಂದು ವಾರ ಟೈಮ್ ಕೊಡು” ಅಂದೆ. ಎಂಟನೇ ಕ್ಲಾಸಿನಿಂದ ನಾಣ್ಯ ಕೂಡಿಸ್ತೀನಿ ಅಂತ ನೀವೆಲ್ಲ ಚಾಷ್ಟಿ ಮಾಡ್ತಿದ್ರಲ್ಲ, ಆ ಹುಚ್ಚಿನಿಂದ ಪರಿಚಯ ಆದ ಮಂದಿ ಇದ್ರು. ಅಪ್ಪ ನನ್ನ ಮುಖ ನೋಡಿ, ಡಬ್ಬಿ ನನ್ನ ಕೈಯಾಗ ಕೊಟ್ಟ.

5/7

ಮನಿಗೆ ಬಂದ್ರೆ ಅವ್ವ ಹುಣಸೇಹಣ್ಣು ನೆನೆಯಿಟ್ಟು ಕುಂತಿದ್ದಳು. ಮಾರಾಕ ಹೋಗೋ ಸಾಮಾನು ಬೆಳ್ಳಗ ಇರಬೇಕು ಅಂತ. ಕೈ ಮುಗಿದು ನಿಲ್ಲಿಸಿದೆ. ಇದನ್ನ ಎಲ್ಲರೂ ನೆನಪಿಡ್ರಿ: ಹಳೇ ನಾಣ್ಯದ ಮೇಲೆ ಕೂಡೋ ಆ ಕಪ್ಪು ಬಣ್ಣಾನೇ ಅದರ ವಯಸ್ಸಿಗೆ ಸಾಕ್ಷಿ. ಹುಣಸಿ, ಪೇಸ್ಟ್, ಬೂದಿ ಯಾವುದು ಹಚ್ಚಿ ತಿಕ್ಕಿದ್ರೂ ಸಣ್ಣ ಗೀರು ಬೀಳ್ತಾವ, ಸಂಗ್ರಹ ಮಾಡೋರು ದೂರದಿಂದನೇ ಕಂಡುಹಿಡಿತಾರ. ಅವ್ವ ಆ ಹುಣಸಿಹುಳಿಯಾಗ ಸಾರು ಮಾಡಿದಳು.

ನೂರು ಮಿಲಿಗ್ರಾಂ ತನಕ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ ದೋಸ್ತನ ಹತ್ತಿರ ತಂದೆ. ಒಂದೊಂದೇ ತೂಗಿ, ಎರಡೂ ಕಡೆ ಫೋಟೋ ತೆಗೆದು, ಇಸವಿ ಬರೆದು ನಮ್ಮ ಗ್ರೂಪಿಗೆ ಹಾಕಿದೆ. ಚಾರ್‌ಮಿನಾರ್ ರೂಪಾಯಿಗೆ ನಕಲಿ ಬಾಳ. ಅದಕ್ಕ ತೂಕ ಮೊದಲು ಕೇಳ್ತಾರ. ಸವೆದದ್ದು 11 ಗ್ರಾಮಿನ ಆಸುಪಾಸು ಬರ್ತೈತಿ, ಒಂಬತ್ತೂವರೆ ಬಂದ್ರ ಮಾತೇ ಬೇಡ. ಅಯಸ್ಕಾಂತಕ್ಕ ಅಂಟಿದ್ರೂ ಅಷ್ಟೇ. ಅಂಚಿನ ಗೀಟು ಒಂದೇ ಸಮ ಇರಬೇಕು.

ಹಾಕಿದ ತಾಸಿನೊಳಗ ಎಷ್ಟು ಥರದ ಮಂದಿ! ಕಲ್ದಾರ ನೋಡಿ ನಾಲ್ಕು ಮಂದಿ ಒಂದೇ ಪ್ರಶ್ನೆ: “1911 ಐತೇನು?” ಯಾಕಂದ್ರ ಐದನೇ ಜಾರ್ಜನ 1911ರ ರೂಪಾಯಿಯಾಗ ಅವನ ನಿಲುವಂಗಿ ಮೇಲಿನ ಆನೆ ಹಂದಿ ಕಂಡಂಗ ಕಂಡು ಗದ್ದಲ ಆಗಿತ್ತು, 1912ರಿಂದ ಚಿತ್ರ ತಿದ್ದಿದ್ರು. ನಮ್ಮವು ತಿದ್ದಿದ ಮೇಲಿನವು, ಅಪ್ಪಟ ಆನೆ. ಒಬ್ಬಾವ ದುಬೈಯಿಂದ ಎಲ್ಲಾ ಕಳಿಸು ಅಂದ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾವಸ್ತು, ದೇಶದಿಂದ ಹೊರಗ ಕಳಿಸಂಗಿಲ್ಲ ಅಂದೆ. ಬ್ಲಾಕ್ ಮಾಡಿ ಹೋದ. ಮನೇವು ಎರಡು ಮಾರೋದು ಬೇರೆ, ಪುರಾವಸ್ತು ತಂದು ಮಾರೋದನ್ನೇ ದಂಧೆ ಮಾಡ್ಕೊಳ್ಳೋದು ಬೇರೆ. ಅದಕ್ಕ ಲೈಸನ್ಸ್ ಬೇಕು. ಇನ್ನೊಬ್ಬಾವ, “ಒಂದು ನಾಣ್ಯಕ್ಕ ಎರಡು ಲಕ್ಷ, ಮೊದಲು ರಿಜಿಸ್ಟ್ರೇಷನ್ ಅಂತ 2,100 ಹಾಕು, ಆರ್‌ಬಿಐ ಪತ್ರ ಬರ್ತೈತಿ” ಅಂದ. ಇಂಥ ಶುಲ್ಕ, ಕಮಿಷನ್ ತಾನು ಯಾವತ್ತೂ ಕೇಳಂಗಿಲ್ಲ ಅಂತ ಆರ್‌ಬಿಐ 2021ರ ಆಗಸ್ಟ್‌ನಾಗೇ ಪ್ರಕಟಣೆ ಕೊಟ್ಟೈತಿ. ನಿಮ್ಮ ಮನಿಯ ಹಿರಿಯರಿಗೆ ಇದೊಂದು ಪ್ಯಾರಾ ಓದಿ ಹೇಳ್ರಿ.

ಡಿಎಂನಾಗ ಒಬ್ಬ ಜೂನಿಯರ್ ಕೇಳಿದ್ದ, ಹೊಲ ಉಳುವಾಗ ಗಡಿಗಿ ಸಿಕ್ಕರೆ? ಅದು ಬೇರೆ ಕಥಿ ತಮ್ಮಾ. ನೆಲದಾಗ ಸಿಕ್ಕ ನಿಧಿಗೆ ನಮ್ಮ ರಾಜ್ಯದಾಗ 1962ರ ಕಾಯ್ದೆ ಐತಿ, ಡಿಸಿಗೆ ತಿಳಿಸಬೇಕು. ಗುಟ್ಟಾಗಿ ಹಂಚಿಕೊಂಡ್ರ ಜೈಲು ಐತಿ. ಮಸ್ಕಿಯಾಗ 1915ರಾಗ ಅಶೋಕನ ಶಾಸನ ಸಿಕ್ಕಿದ್ದು ಬಂಗಾರ ಹುಡುಕೋ ಇಂಜಿನಿಯರಿಗೆ. ಅವ ಹೇಳಿದ್ದಕ್ಕೇ ದೇವಾನಾಂಪ್ರಿಯ ಅಂದ್ರ ಅಶೋಕನೇ ಅಂತ ಲೋಕಕ್ಕ ಗೊತ್ತಾತು.

6/7

ಕೊನೆಗೆ ಉಳಿದೋರು ಮೂವರು. ಒಬ್ಬರು ಸಿಂಧನೂರು ಕಡೆಯ ರಿಟೈರ್ಡ್ ಮಾಸ್ತರು. ಒಬ್ಬ ಬಸ್ ಕಂಡಕ್ಟರ್ ಅಣ್ಣ, ಲಿಂಗಸುಗೂರಿನಾಗ ಇರ್ತಾನ, ಚಿಲ್ಲರೆ ಎಣಿಸಿ ಎಣಿಸಿ ಈ ಹುಚ್ಚು ಹಿಡೀತು ಅಂತಾನ. ಇನ್ನೊಬ್ಬರು ಹುಬ್ಬಳ್ಳಿಯವರು.

ಹುಬ್ಬಳ್ಳಿಯವರಿಗೆ ಕೊಂಡಿ ಇಲ್ಲದ ಹದಿನಾಲ್ಕು ಐನ್ ರೂಪಾಯಿಯಾಗ ಚಲೋ ಇದ್ದ ನಾಲ್ಕು ಮಾತ್ರ ಬೇಕಿತ್ತು, ಒಂದಕ್ಕ 2,500. ಮಾಸ್ತರು ಹದಿನಾಲ್ಕನ್ನೂ ಕೇಳಿದ್ರು, ಒಂದಕ್ಕ 1,500. “ನಾಲ್ಕು ಆರಿಸಿ ಕೊಟ್ಟ ಮ್ಯಾಲ ಉಳಿದದ್ದು ತಗೋತೀರೇನ್ರಿ ಸರ್” ಅಂತ ಕೇಳಿದೆ. “ತಗೋತೀನಿ ತಮ್ಮಾ. 1,200ರಂಗ. ಆದ್ರ ಆವಾಗ ಅದು ನಿಮ್ಮನಿ ಡಬ್ಬಿ ಅಲ್ಲ, ಹತ್ತು ಸವೆದ ರೂಪಾಯಿ” ಅಂದ್ರು.

ಒಡೆದು ಮಾರಿದ್ರ 22,000. ಕೂಡಿ ಮಾರಿದ್ರ 21,000. ಒಂದು ಸಾವಿರದ ಫರಕು. ಅಪ್ಪ ಅಂದ, “ಒಂದು ಸಾವಿರ ಅಂದ್ರ ಮೂರು ಚೀಲ ಯೂರಿಯಾ.” ಅದು ಖರೇನೂ ಹೌದು. ಆದ್ರ ನನಗ ಆ ಹದಿನಾಲ್ಕು ಒಂದೇ ಕಡೆ ಇರಬೇಕಿತ್ತು. ಬಿಡಿ ನಾಣ್ಯ ಎಲ್ಲಾದ್ರೂ ಸಿಗ್ತೈತಿ. ಒಂದು ಮಳಿ ನಂಬಿದ ಒಕ್ಕಲು ಮನಿ 1911ರಿಂದ 1925ರ ತನಕ ಯಾವ ವರ್ಷ ಎಷ್ಟು ಉಳಿಸಿತು ಅನ್ನೋದು ಒಡೆಯದ ಗುಂಪಿನಾಗ ಮಾತ್ರ ಕಾಣ್ತೈತಿ. 1337ರವು ಮೂರು ಯಾಕ, 1342ರದು ಒಂದೇ ಯಾಕ, ಇದನ್ನೆಲ್ಲ ಮಾಸ್ತರು ಕೇಳ್ತಿದ್ರು, ಹುಬ್ಬಳ್ಳಿಯವರು ಕೇಳಲಿಲ್ಲ. ಅಮ್ಮನ್ನ ಕೇಳಿದೆ, ಅವಳದೇ ಸಾಮಾನಲ್ಲ. ಮೊಳಕಾಲು ತಿಕ್ಕೋತ ಅಂದಳು: “ಹೆಣ್ಣಮಕ್ಕಳನ್ನ ಒಂದೇ ಊರಿಗೆ ಕೊಟ್ರ ಚಲೋ ಇರ್ತೈತಿ.” ಅಪ್ಪ ನಕ್ಕು ಸುಮ್ಮನಾದ.

ರವಿವಾರ ಮಾಸ್ತರ ಮನಿಗೆ ಅಪ್ಪ, ನಾನು ಹೋದ್ವಿ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿದ್ರು, ನಾಣ್ಯ ಜಾರಿ ಬಿದ್ರ ಪೆಟ್ಟಾಗಬಾರದು ಅಂತ. ಅಂಚು ಹಿಡಿದು ಎತ್ತಿದ್ರು, ಮುಖಕ್ಕ ಬೆರಳು ತಾಗಿಸಲಿಲ್ಲ. ಒಂದರ ತೂಕ ನಾ ಬರೆದಿದ್ದಕ್ಕಿಂತ ಸ್ವಲ್ಪ ಕಡಿಮಿ ತೋರಿಸ್ತು, ಅವರ ತಕ್ಕಡಿ ಇನ್ನೂ ಸೂಕ್ಷ್ಮದ್ದು, ಅದಕ್ಕ ರೇಟು ಇಳಿಸಲಿಲ್ಲ. ಕೊಂಡಿ ಇರೋ ಐದು ತೋರಿಸಿದೆ. “ಬೆಸುಗೆ ಬಿತ್ತಂದ್ರ ನಮ್ಮಂಥೋರು ಬೆಳ್ಳಿ ತೂಕಕ್ಕಷ್ಟೇ ಕೇಳ್ತಾರ. ಕೊಂಡಿ ಕಿತ್ತಿಸಿದ್ರೂ ಗಾಯ ಹೋಗಂಗಿಲ್ಲ” ಅಂದ್ರು. 21,000 ಅಪ್ಪನ ಫೋನಿಗೆ ಬಂತು. ಸಂತೆಕಲ್ಲೂರಿನೋರು ಅಂತ ಕೇಳಿ ಘನಮಠದ ಮಾತು ತೆಗೆದ್ರು. ಅಲ್ಲಿಯ ಶಿವಯೋಗಿಗಳು ಬರೆದ ‘ಕೃಷಿ ಜ್ಞಾನ ಪ್ರದೀಪಿಕೆ’ ಅವರ ಕಪಾಟಿನಾಗ ಇತ್ತು. ಅಪ್ಪ ಅದರ ಹಾಳಿ ತಿರುವಿ ಹಾಕೋತ ಒಂದು ತಾಸು ಕುಂತ, ಬಂದ ಕೆಲಸನೇ ಮರೆತು.

7/7

ಕಂಡಕ್ಟರ್ ಅಣ್ಣ ಮೀಮ್ ಎರಡು ತಗೊಂಡ, 2,200ರಂಗ. ಕಲ್ದಾರ ಎರಡೂ ಅವನಿಗೇ, 1,400ರಂಗ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಾಗೇ ಬಂದಿದ್ದ, ಟಿಕೆಟ್ ಮಷೀನ್ ಬಗಲಾಗ ಇತ್ತು. ಚೌಕಾಶಿ ಮಾಡಿದ, ಐವತ್ತು ರೂಪಾಯಿಗೆ ಹತ್ತು ನಿಮಿಷ. ಆಮೇಲೆ ಪೂರ್ತಿ ಕೊಟ್ಟು ಚಹಾನೂ ಕುಡಿಸಿದ.

21,000, ಮ್ಯಾಲ 7,200. ಅಂದ್ರೆ 28,200. ಇನ್ನೂ 1,800 ಬೇಕು. ಉಳಿದಿದ್ದ ಮೂರನೇ ಮೀಮ್, ಅದೇ 1326ರದ್ದು, ಅದಕ್ಕ ಕಂಡಕ್ಟರ್ ಅಣ್ಣ 2,200 ಹಿಡಿದುಕೊಂಡೇ ನಿಂತಿದ್ದ. ನನ್ನ ಹತ್ತಿರ ಗಣಪತಿ ಹಬ್ಬದಾಗ ಲೈಟಿಂಗ್ ಕೆಲಸಕ್ಕ ಹೋಗಿ ಬಂದ ದುಡ್ಡು ಇತ್ತು, ಸರಿಯಾಗಿ 1,800. ಅಮ್ಮನ ಮುಂದ ಇಟ್ಟೆ. “ಇದು ನನಗ ಕೊಡ್ತೀಯೇನಮ್ಮ?” ಅವಳು ನೋಟು ಎರಡು ಸಲ ಎಣಿಸಿದಳು. ಮೊಮ್ಮಗ ಅಂತ ಪುಕ್ಕಟೆ ಕೊಡಲಿಲ್ಲ, ನನಗೂ ಹಂಗ ಬೇಡಾಗಿತ್ತು. ನಾನೂರು ಬಿಟ್ಟಳು ಅಷ್ಟೇ. ಮಾರನೇ ದಿನ ಫೀ ಕಟ್ಟಿದ ರಶೀದಿ ಅಕ್ಕ ಫ್ಯಾಮಿಲಿ ಗ್ರೂಪಿಗೆ ಹಾಕಿದಳು, ಕೆಳಗ ಒಂದು ಚಾರ್‌ಮಿನಾರ್ ಸ್ಟಿಕ್ಕರ್ ಹಾಕಿ.

ಕೊಂಡಿ ಇರೋ ಐದು ಅಮ್ಮನೇ ಇಟ್ಟುಕೊಂಡಳು. ರೇಟು ಬರಂಗಿಲ್ಲ ಅಂತ ನಾ ಹೇಳೋಕಿಂತ ಮೊದಲೇ ಅವನ್ನ ಬ್ಯಾರೆ ತೆಗೆದಿಟ್ಟಿದ್ದಳು. ಅವಳ ಅತ್ತೆ ಕೊರಳಾಗ ಇದ್ದವು ಅವೇ.

ಹದಿನೈದು ದಿನಕ್ಕ ಮಾಸ್ತರು ಫೋಟೋ ಕಳಿಸಿದ್ರು (ಕೊನೇ ಸ್ಲೈಡ್). ಹದಿನಾಲ್ಕೂ ಒಂದೇ ಹಾಳೆಯಾಗ, ಒಂದೊಂದರ ಕೆಳಗ ಹಿಜರಿ ಇಸವಿ, ನಮ್ಮ ಇಸವಿ, ತೂಕ. ಮ್ಯಾಲ ಕೈಬರಹದಾಗ: ‘ಸಂತೆಕಲ್ಲೂರು. ಒಂದೇ ಮನೆಯವು. ಹಗೇವಿನಲ್ಲಿ ಇದ್ದವು.’ ಅಮ್ಮನಿಗೆ ಓದಿ ಹೇಳಿದೆ. “ಹಗೇವು ಅಂತ ಬರದಾನೇನು?” ಅಂತ ಕೇಳಿ, ಫೋನ್ ಇಸಕೊಂಡು, ಓದಾಕ ಬರದಿದ್ರೂ ಬಾಳ ಹೊತ್ತು ನೋಡಿದಳು.

ಎಂಟಾಣೆ ಎರಡು ಇನ್ನೂ ಡಬ್ಬಿಯಾಗ ಅದಾವ. ಅಕ್ಕನ ಮೂರನೇ ವರ್ಷದ ಫೀ ತನಕ ಅವು ಮಾರಾಟಕ್ಕಿಲ್ಲ, ಡಿಎಂ ಮಾಡಬ್ಯಾಡ್ರಿ. ನಿಮ್ಮ ಮನಿಯಾಗ ಇಂಥವು ಇದ್ರ ಮಾತ್ರ ಫೋಟೋ ಕಳಿಸ್ರಿ, ಎರಡೂ ಕಡೆ, ತೊಳೀಲಾರದ. ಇಸವಿ ಓದಿ ಹೇಳ್ತೀನಿ. ನನಗ ತಿಳೀಲಿಲ್ಲ ಅಂದ್ರ ಓಣಿಯ ತಾತ ಅದಾರ, ಸಂಜಿ ಆರರ ಮೇಲೆ ಕಟ್ಟಿ ಮ್ಯಾಲೇ ಇರ್ತಾರ.

#ಸಂತೆಕಲ್ಲೂರು #ಹಾಲಿಸಿಕ್ಕಾ #ನಮ್ಮರಾಯಚೂರು